ಮರುಭೂಮಿಯ ಧೂಳನ್ನು ಗಾಳಿಯಲ್ಲಿ ಅಳೆಯುವ ಕ್ರಮ

ಗಾಳಿಯಲ್ಲಿ ತೇಲಿಬರುವ ಮರುಭೂಮಿಯ ಧೂಳನ್ನು ನೇರವಾಗಿ ಅಳೆದುಕೊಡುವ ಉಪಕರಣ ಯಾವುದೂ ಇಲ್ಲ. ಫಿಲ್ಟರ್ ತೂಕವನ್ನು ಕೊಡುತ್ತದೆ, ಸೌರ ಫೋಟೋಮೀಟರ್ ಬಿಸಿಲು ಎಷ್ಟು ಕುಂದಿತು ಎಂಬುದನ್ನು ತಿಳಿಸುತ್ತದೆ, ಲೈಡಾರ್ ಎಂಬ ಲೇಸರ್ ಉಪಕರಣ ತಾನು ಕಳಿಸಿದ ಬೆಳಕಿನಲ್ಲಿ ಎಷ್ಟು ಮರಳಿ ಬಂತೆಂದು ದಾಖಲಿಸುತ್ತದೆ, ಉಪಗ್ರಹವು ಕೆಳಗಿನಿಂದ ಮೇಲೇರುವ ವಿಕಿರಣವನ್ನಷ್ಟೇ ಕಾಣುತ್ತದೆ. ಇವುಗಳಲ್ಲಿ ಯಾವುದರ ಅಂಕಿಯನ್ನು ತೆಗೆದುಕೊಂಡರೂ ಅದರೊಳಗೆ ಧೂಳಿನ ಜೊತೆಗೆ ಕಡಲಿನ ಉಪ್ಪು, ಕಾಡಿನ ಹೊಗೆ, ವಾಹನಗಳ ಮಸಿ, ಸಲ್ಫೇಟ್, ಕೆಲವೊಮ್ಮೆ ತೆಳುವಾದ ಮೋಡವೂ ಸೇರಿಕೊಂಡಿರುತ್ತದೆ. ಆದಕಾರಣ ಧೂಳನ್ನು ಅಳೆಯುವ ಕೆಲಸದ ಬಹುಭಾಗ ಧೂಳಲ್ಲದ್ದನ್ನು ಗುರುತಿಸಿ ಕಳೆಯುವುದರಲ್ಲಿಯೇ ಹೋಗುತ್ತದೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಉಪಯೋಗವಾಗಲೆಂದು, ಯಾವ ವಿಧಾನದಲ್ಲಿ ಏನನ್ನು ಹೇಗೆ ಕಳೆಯಬೇಕು ಎಂಬುದನ್ನು ಇಲ್ಲಿ ವಿವರಿಸಿದೆ. ಮುಖ್ಯ ಉದಾಹರಣೆ ಸಹಾರಾದ ಧೂಳು. ಅಟ್ಲಾಂಟಿಕ್ ಸಾಗರವನ್ನು ದಾಟಿ ಕೆರಿಬಿಯನ್ ದ್ವೀಪಗಳವರೆಗೆ ಹೋಗುವ ಈ ಧೂಳಿನಷ್ಟು ದೀರ್ಘಕಾಲ, ಇಷ್ಟು ಬಗೆಯ ಉಪಕರಣಗಳಿಂದ ಅಳತೆಗೆ ಒಳಗಾದ ಮರುಭೂಮಿಯ ಧೂಳು ಬೇರೊಂದಿಲ್ಲ.

ಈ ಅಳತೆಯ ಚರಿತ್ರೆ ಒಂದು ಬಟ್ಟೆಯ ತುಂಡಿನಿಂದ ಆರಂಭವಾಯಿತೆಂದರೆ ತಪ್ಪಾಗದು. 1832ರ ಜನವರಿಯಲ್ಲಿ ಬೀಗಲ್ ಹಡಗು ಕೇಪ್ ವರ್ಡ್ ದ್ವೀಪಗಳ ಪೋರ್ಟೊ ಪ್ರಾಯಾ ಬಂದರನ್ನು ಸಮೀಪಿಸಿದಾಗ, ಪಟಸ್ತಂಭದ ತುದಿಯ ಗಾಳಿಸೂಚಕದ ಜಾಲರಿ ಬಟ್ಟೆಯಲ್ಲಿ ಸೋಸಿಕೊಂಡಿದ್ದ ಕಂದು ಬಣ್ಣದ ನಯವಾದ ಪುಡಿಯನ್ನು ಚಾರ್ಲ್ಸ್ ಡಾರ್ವಿನ್ ಪೊಟ್ಟಣ ಕಟ್ಟಿ ತೆಗೆದಿಟ್ಟುಕೊಂಡರು. ಅಂತಹ ಧೂಳಿನ ಮಾದರಿಗಳನ್ನು ಬರ್ಲಿನ್ನಿನ ನಿಸರ್ಗವಿಜ್ಞಾನಿ ಎರೆನ್‌ಬರ್ಗ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ, 1960ರ ದಶಕದ ನಡುವೆ, ಬಾರ್ಬೆಡೋಸ್‌ನ ಪೂರ್ವ ಕರಾವಳಿಯಲ್ಲಿ ನೈಲಾನ್ ಬಲೆಗಳನ್ನು ಗಾಳಿಗೆ ಒಡ್ಡಿದ ಸಂಶೋಧಕರು ಹುಡುಕುತ್ತಿದ್ದುದು ಬಾಹ್ಯಾಕಾಶದ ಧೂಳನ್ನು. ಅವರಿಗೆ ಸಿಕ್ಕಿದ್ದು ಆಫ್ರಿಕದ ಮಣ್ಣು. ಅಲ್ಲಿಂದ ಮುಂದುವರಿದ ಕೆಲಸವನ್ನು ವಾಯುಮಂಡಲ ವಿಜ್ಞಾನಿ ಜೋಸೆಫ್ ಪ್ರಾಸ್ಪೆರೊ ದಶಕಗಳ ಕಾಲ ನಡೆಸಿಕೊಂಡು ಬಂದರು. ಬಾರ್ಬೆಡೋಸ್‌ನ ಧೂಳಿನ ದಾಖಲೆ 1965ರಿಂದ ಆರಂಭವಾಗುವುದು ಹೀಗೆ.

ಮೊದಲು ಪ್ರಶ್ನೆಯನ್ನು ನಿಗದಿಮಾಡಿಕೊಳ್ಳುವುದು

ಉಪಕರಣವನ್ನು ಆರಿಸುವ ಮೊದಲು ಯಾವ ಪ್ರಮಾಣ ಬೇಕು ಎಂಬುದು ಸ್ಪಷ್ಟವಾಗಿರಬೇಕು. ಜನರು ಉಸಿರಾಡುವ ಎತ್ತರದಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಧೂಳಿದೆ ಎಂಬುದು ಒಂದು ಪ್ರಶ್ನೆ. ನೆಲದಿಂದ ಆಕಾಶದ ತುದಿಯವರೆಗಿನ ಇಡೀ ಸ್ತಂಭದಲ್ಲಿ ಎಷ್ಟಿದೆ ಎಂಬುದು ಇನ್ನೊಂದು. ಅದು ಯಾವ ಎತ್ತರದಲ್ಲಿ ಪದರಗಟ್ಟಿದೆ ಎಂಬುದು ಮತ್ತೊಂದು. ಒಂದು ಚದರ ಮೀಟರ್ ನೆಲದ ಮೇಲೆ ವರ್ಷಕ್ಕೆ ಎಷ್ಟು ಗ್ರಾಂ ಬಂದು ಕೂರುತ್ತದೆ ಎಂಬುದು ಬೇರೆಯೇ. ಇವು ಒಂದಕ್ಕೊಂದು ಬದಲಿಯಾಗಲಾರವು. ಬೇಸಿಗೆಯಲ್ಲಿ ಸಹಾರಾದ ಧೂಳಿನ ಪದರ 5 ಕಿಲೋಮೀಟರ್ ಎತ್ತರದವರೆಗೂ ಹಬ್ಬಿರುವುದುಂಟು. ಅಂತಹ ದಿನ ಆಕಾಶ ಹಾಲಿನಂತೆ ಬೆಳ್ಳಗಾಗಿದ್ದರೂ ನೆಲಮಟ್ಟದ ಫಿಲ್ಟರಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಸಿಗದಿರಬಹುದು.

ಕಣದ ಗಾತ್ರವನ್ನೂ ಆರಂಭದಲ್ಲಿಯೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಖನಿಜ ಧೂಳಿನ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 2.6 ಗ್ರಾಂ. ಈ ಸಾಂದ್ರತೆಯ 10 ಮೈಕ್ರೋಮೀಟರ್ ವ್ಯಾಸದ ಗುಂಡನೆಯ ಕಣ ನಿಶ್ಚಲವಾದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 8 ಮಿಲಿಮೀಟರ್ ವೇಗದಲ್ಲಿ, ಅಂದರೆ ದಿನಕ್ಕೆ ಏಳುನೂರು ಮೀಟರಿನಷ್ಟು ಕೆಳಗಿಳಿಯುತ್ತದೆ. 1 ಮೈಕ್ರೋಮೀಟರ್ ಕಣ ದಿನಕ್ಕೆ ಇಳಿಯುವುದು ಏಳೆಂಟು ಮೀಟರ್ ಮಾತ್ರ. ಆಫ್ರಿಕದ ತೀರದಿಂದ ಕೆರಿಬಿಯನ್ ತಲುಪಲು ಧೂಳಿಗೆ ಐದರಿಂದ ಏಳು ದಿನ ಬೇಕು. ದಪ್ಪ ಕಣಗಳು ದಾರಿಯಲ್ಲಿಯೇ ಉದುರಿಹೋಗಬೇಕಿದ್ದುದು ಇದರಿಂದ ಸ್ಪಷ್ಟವಾಗುತ್ತದೆಯಾದರೂ, ಈ ಸರಳ ಲೆಕ್ಕ ಹೇಳುವುದಕ್ಕಿಂತ ದೊಡ್ಡ ಕಣಗಳು ಸಾವಿರಾರು ಕಿಲೋಮೀಟರ್ ದೂರದಲ್ಲಿಯೂ ಸಿಕ್ಕಿವೆ. ಆದ್ದರಿಂದ ದೂರದ ಧೂಳೆಲ್ಲ ನಯವಾಗಿಯೇ ಇರುತ್ತದೆ ಎಂದು ಮೊದಲೇ ತೀರ್ಮಾನಿಸಿ ಸಣ್ಣ ಕಣಗಳಿಗೆ ಮಾತ್ರ ಒಗ್ಗುವ ಉಪಕರಣವನ್ನು ಕೊಳ್ಳಬಾರದು.

ಫಿಲ್ಟರ್: ನಿಧಾನ, ಆದರೆ ನಂಬಿಕೆಗೆ ಅರ್ಹ

ಒಂದೇ ಉಪಕರಣಕ್ಕೆ ಹಣವಿದ್ದರೆ ನಾನು ಫಿಲ್ಟರ್ ಸಂಗ್ರಾಹಕವನ್ನೇ ಆರಿಸುತ್ತೇನೆ. ಅದು ಗಂಟೆಗೊಂದು ಅಂಕಿಯನ್ನು ಕೊಡುವುದಿಲ್ಲ. ಆದರೆ ಕಣಗಳನ್ನೇ ಕೈಗೆ ಕೊಡುತ್ತದೆ. ವರ್ಷಗಳ ನಂತರ ಹೊಸ ಪ್ರಶ್ನೆ ಹುಟ್ಟಿದಾಗ ಅದೇ ಫಿಲ್ಟರನ್ನು ಮತ್ತೆ ತೆರೆದು ನೋಡಬಹುದು. ಬೇರಾವ ವಿಧಾನಕ್ಕೂ ಈ ಸೌಲಭ್ಯವಿಲ್ಲ.

ಸ್ಥಳದ ಆಯ್ಕೆ ಅರ್ಧ ಕೆಲಸ. ಬಾರ್ಬೆಡೋಸ್‌ನ ರ್ಯಾಗೆಡ್ ಪಾಯಿಂಟ್ ದ್ವೀಪದ ಪೂರ್ವದ ಅಂಚಿನಲ್ಲಿದೆ. ವಾಣಿಜ್ಯ ಮಾರುತಗಳು ಆಫ್ರಿಕದ ತೀರವನ್ನು ಬಿಟ್ಟ ಮೇಲೆ ಅಲ್ಲಿಗೆ ಬರುವವರೆಗೆ ನಡುವೆ ನೀರಲ್ಲದೆ ಇನ್ನೇನೂ ಇಲ್ಲ. ಅಲ್ಲಿ ಫಿಲ್ಟರನ್ನು ಗೋಪುರದ ಮೇಲೆ ಇಟ್ಟು, ಪಂಪಿಗೆ ಗಾಳಿಯ ದಿಕ್ಕು ಮತ್ತು ವೇಗದ ನಿಯಂತ್ರಣವನ್ನು ಜೋಡಿಸಿದ್ದಾರೆ. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿದ್ದರೆ ಮಾತ್ರ ಪಂಪು ಓಡುತ್ತದೆ. ದ್ವೀಪದ ಕಡೆಯಿಂದ ತಿರುಗಿದ ಕೂಡಲೇ ನಿಲ್ಲುತ್ತದೆ. ಸ್ಥಳೀಯ ರಸ್ತೆಯ ಮಣ್ಣು, ಕಬ್ಬಿನ ಗದ್ದೆಯ ಹೊಗೆ ಇವೆಲ್ಲವನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸುವ ಕಷ್ಟಕ್ಕಿಂತ ಫಿಲ್ಟರಿನ ಬಳಿಗೆ ಬರಲು ಬಿಡದಿರುವುದೇ ಸುಲಭ. ನಿಮ್ಮ ಸ್ಥಳದಲ್ಲಿ ಅಂತಹ ಸ್ವಚ್ಛ ದಿಕ್ಕು ಇಲ್ಲವಾದರೆ, ಕನಿಷ್ಠ ಗಾಳಿಯ ದಿಕ್ಕನ್ನು ನಿಮಿಷ ನಿಮಿಷಕ್ಕೂ ದಾಖಲಿಸಿಟ್ಟುಕೊಳ್ಳಿ.

ಫಿಲ್ಟರಿನ ಜಾತಿಯನ್ನು ಮುಂದಿನ ವಿಶ್ಲೇಷಣೆಗೆ ತಕ್ಕಂತೆ ಆರಿಸಬೇಕು. ತೂಕವನ್ನೇ ನೇರವಾಗಿ ನೋಡುವುದಾದರೆ ತೇವಾಂಶವನ್ನು ಹೀರದ ಟೆಫ್ಲಾನ್ ಫಿಲ್ಟರ್ ಒಳ್ಳೆಯದು. ಸುಟ್ಟು ಬೂದಿ ಮಾಡುವುದಾದರೆ ಬೂದಿಯ ಅಂಶ ಅತ್ಯಲ್ಪವಾಗಿರುವ ಸೆಲ್ಯುಲೋಸ್ ಫಿಲ್ಟರ್ ಬೇಕು. ಬಾರ್ಬೆಡೋಸ್‌ನಲ್ಲಿ ಬಳಸಿದ್ದು ವಾಟ್‌ಮನ್ 41. ಧೂಳಿನ ಮುಖ್ಯ ಧಾತುಗಳಲ್ಲಿ ಒಂದು ಸಿಲಿಕಾನ್ ಆದ್ದರಿಂದ, ಅದನ್ನು ಅಳೆಯಬೇಕಾದವರು ಕ್ವಾರ್ಟ್ಜ್ ನಾರಿನ ಫಿಲ್ಟರನ್ನು ಮುಟ್ಟಲೇಬಾರದು, ಏಕೆಂದರೆ ಆ ಫಿಲ್ಟರೇ ಸಿಲಿಕಾ.

ನೇರ ತೂಕದ ವಿಧಾನದಲ್ಲಿ ಖಾಲಿ ಫಿಲ್ಟರನ್ನು ನಿಗದಿತ ಉಷ್ಣತೆ ಮತ್ತು ತೇವಾಂಶವಿರುವ ಕೋಣೆಯಲ್ಲಿ ಇಡಬೇಕು. ಯುರೋಪಿನ ಕ್ರಮದಲ್ಲಿ 19ರಿಂದ 21 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ತೇವಾಂಶ ಶೇಕಡಾ 45ರಿಂದ 50. ಹೀಗೆ ಎರಡು ದಿನ ಇಟ್ಟು, ಸ್ಥಿರ ವಿದ್ಯುತ್ತನ್ನು ಹೋಗಲಾಡಿಸಿ, ಮೈಕ್ರೋಗ್ರಾಂ ಮಟ್ಟದ ತಕ್ಕಡಿಯಲ್ಲಿ ತೂಗಬೇಕು. ಗಂಟೆಗೆ 2.3 ಘನಮೀಟರ್ ದರದಲ್ಲಿ ಒಂದು ದಿನ ಗಾಳಿಯನ್ನು ಎಳೆದರೆ ಫಿಲ್ಟರಿನ ಮೂಲಕ ಹಾದುಹೋದ ಗಾಳಿ 55.2 ಘನಮೀಟರ್. ಮತ್ತೆ ಅದೇ ಕೋಣೆಯಲ್ಲಿ ಹದಗೊಳಿಸಿ ತೂಗಿದಾಗ 11.04 ಮಿಲಿಗ್ರಾಂ ಹೆಚ್ಚಿದ್ದರೆ, ಒಟ್ಟು ಕಣಗಳ ಪ್ರಮಾಣ ಘನಮೀಟರಿಗೆ 200 ಮೈಕ್ರೋಗ್ರಾಂ. ಇದು ಇನ್ನೂ ಧೂಳಿನ ಪ್ರಮಾಣವಲ್ಲ. ಉಪ್ಪು, ಮಸಿ, ನೈಟ್ರೇಟ್ ಎಲ್ಲವೂ ಈ ಇನ್ನೂರರಲ್ಲಿಯೇ ಇವೆ.

ಬಾರ್ಬೆಡೋಸ್‌ನ ವಿಧಾನ ಈ ತೊಡಕನ್ನು ಜಾಣತನದಿಂದ ಬಿಡಿಸಿಕೊಂಡಿದೆ. ಸೆಲ್ಯುಲೋಸ್ ಫಿಲ್ಟರ್ ತೇವವನ್ನು ಹೀರುವುದರಿಂದ ಅದನ್ನು ತೂಗುವ ಗೋಜಿಗೇ ಹೋಗುವುದಿಲ್ಲ. ಫಿಲ್ಟರಿನ ನಾಲ್ಕನೆಯ ಒಂದು ಭಾಗವನ್ನು ಕತ್ತರಿಸಿ ಅಯಾನುರಹಿತ ನೀರಿನಲ್ಲಿ ಹಲವು ಸಲ ತೊಳೆಯುತ್ತಾರೆ. ಕಡಲಿನ ಉಪ್ಪೂ ಕರಗುವ ಸಲ್ಫೇಟ್ ಮತ್ತು ನೈಟ್ರೇಟುಗಳೂ ನೀರಿನೊಂದಿಗೆ ಹೊರಟುಹೋಗುತ್ತವೆ. ಆ ನೀರನ್ನು ಚೆಲ್ಲುವುದಿಲ್ಲ, ಅಯಾನುಗಳ ವಿಶ್ಲೇಷಣೆಗೆ ಇಟ್ಟುಕೊಳ್ಳುತ್ತಾರೆ. ತೊಳೆದ ಭಾಗವನ್ನು ಮಫಲ್ ಕುಲುಮೆಯಲ್ಲಿ 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಸುಡುತ್ತಾರೆ. ಫಿಲ್ಟರೂ, ಮಸಿಯೂ, ಪರಾಗದಂತಹ ಸಾವಯವ ವಸ್ತುವೂ ಉರಿದುಹೋಗಿ ಉಳಿಯುವುದು ಖನಿಜದ ಬೂದಿ. ತೊಳೆಯುವಾಗ ಕರಗಿಹೋದ ಖನಿಜಾಂಶ ಮತ್ತು ಸುಡುವಾಗ ಕಳೆದುಹೋದ ನೀರಿನಂಶಕ್ಕೆ ಪರಿಹಾರವಾಗಿ ಬೂದಿಯ ತೂಕವನ್ನು 1.3ರಿಂದ ಗುಣಿಸುತ್ತಾರೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಪಂಪು ನಿಮಿಷಕ್ಕೆ 1 ಘನಮೀಟರಿನಂತೆ ಇಡೀ ದಿನ ಓಡಿದೆ ಎಂದಿಟ್ಟುಕೊಂಡರೆ ಒಟ್ಟು ಗಾಳಿ 1440 ಘನಮೀಟರ್, ಕಾಲು ಫಿಲ್ಟರಿನ ಪಾಲು 360. ಕಾಲು ಭಾಗದ ಬೂದಿ 9.1 ಮಿಲಿಗ್ರಾಂ, ಗಾಳಿ ಎಳೆಯದೆ ಅದೇ ದಿನ ಗೋಪುರಕ್ಕೆ ಹೋಗಿಬಂದ ಖಾಲಿ ಫಿಲ್ಟರಿನ ಕಾಲು ಭಾಗದ ಬೂದಿ 0.1 ಮಿಲಿಗ್ರಾಂ. ಕಳೆದರೆ 9.0, ಅದನ್ನು 1.3ರಿಂದ ಗುಣಿಸಿದರೆ 11.7 ಮಿಲಿಗ್ರಾಂ, 360ರಿಂದ ಭಾಗಿಸಿದರೆ ಘನಮೀಟರಿಗೆ 32.5 ಮೈಕ್ರೋಗ್ರಾಂ ಖನಿಜ ಧೂಳು. ಖಾಲಿ ಫಿಲ್ಟರನ್ನು ಉಳಿತಾಯದ ಹೆಸರಿನಲ್ಲಿ ಬಿಟ್ಟುಬಿಡುವವರಿದ್ದಾರೆ. ಧೂಳು ಹೆಚ್ಚಿರುವ ದಿನ ಅದರಿಂದ ವ್ಯತ್ಯಾಸ ಕಾಣದು, ಆದರೆ ಚಳಿಗಾಲದ ಸ್ವಚ್ಛ ದಿನಗಳಲ್ಲಿ ಆ 0.1 ಮಿಲಿಗ್ರಾಂ ಇಡೀ ಸಂಕೇತದ ದೊಡ್ಡ ಪಾಲಾಗಿರುತ್ತದೆ.

ಬೂದಿಯ ಲೆಕ್ಕ ಸರಿಯೇ ಎಂದು ಪರೀಕ್ಷಿಸಲು ಅಲ್ಯೂಮಿನಿಯಮ್ ಇದೆ. ಭೂಮಿಯ ಮೇಲ್ಪದರದ ತೂಕದಲ್ಲಿ ಶೇಕಡಾ 8ರಷ್ಟು ಅಲ್ಯೂಮಿನಿಯಮ್ ಇರುತ್ತದೆ. ಕಡಲುಪ್ಪಿನಲ್ಲಾಗಲಿ ಹೊಗೆಯಲ್ಲಾಗಲಿ ಅದು ಹೇಳಿಕೊಳ್ಳುವಷ್ಟು ಇಲ್ಲ. ಮೇಲಿನ ಉದಾಹರಣೆಯ ಗಾಳಿಯಲ್ಲಿ ಘನಮೀಟರಿಗೆ 2.6 ಮೈಕ್ರೋಗ್ರಾಂ ಅಲ್ಯೂಮಿನಿಯಮ್ ಸಿಕ್ಕಿದರೆ, ಅದನ್ನು 0.08ರಿಂದ ಭಾಗಿಸಿದಾಗ 32.5 ಬರುತ್ತದೆ, ಎರಡು ದಾರಿಗಳೂ ಒಂದೇ ಊರಿಗೆ ತಲುಪಿದಂತಾಗುತ್ತದೆ. ಎಕ್ಸ್‌-ಕಿರಣ ಪ್ರತಿದೀಪ್ತಿಯಲ್ಲಿ ಫಿಲ್ಟರನ್ನು ಕರಗಿಸದೆಯೇ ಈ ಧಾತುವನ್ನು ಅಳೆಯಬಹುದು. ಆಮ್ಲದಲ್ಲಿ ಕರಗಿಸಿ ಅಳೆಯುವುದಾದರೆ ನೈಟ್ರಿಕ್ ಆಮ್ಲವೊಂದೇ ಸಾಲದು. ಸಿಲಿಕೇಟಿನ ಹರಳುಗಳೊಳಗಿನ ಅಲ್ಯೂಮಿನಿಯಮ್ ಹೊರಬರಬೇಕಾದರೆ ಹೈಡ್ರೋಫ್ಲೋರಿಕ್ ಆಮ್ಲ ಬೇಕು. ಅದು ಚರ್ಮದ ಮೂಲಕ ಒಳಗಿಳಿದು ಜೀವಕ್ಕೇ ಅಪಾಯ ತರುವ ವಸ್ತುವಾದ್ದರಿಂದ, ತರಬೇತಿ, ತಕ್ಕ ಕೈಗವಸು, ಕ್ಯಾಲ್ಸಿಯಮ್ ಗ್ಲುಕೋನೇಟ್ ಮುಲಾಮು ಮತ್ತು ಹೊಗೆಗೂಡು ಇಲ್ಲದ ಪ್ರಯೋಗಾಲಯದಲ್ಲಿ ಅದನ್ನು ತೆರೆಯಬಾರದು.

ಗಾಳಿ ಒಳಬರುವ ಬಾಯಿಯ ಬಗ್ಗೆಯೂ ಒಂದು ಮಾತು. ಪಿಎಂ10 ಎಂದರೆ ವಾಯುಗತಿಕ ವ್ಯಾಸ 10 ಮೈಕ್ರೋಮೀಟರ್ ಇರುವ ಕಣಗಳಲ್ಲಿ ಅರ್ಧದಷ್ಟನ್ನು ಒಳಗೆ ಬಿಡುವ ಬಾಯಿ, ಅದರ ಮೂಲಕ ಒಳಬಂದ ಕಣಗಳ ಪ್ರಮಾಣಕ್ಕೂ ಅದೇ ಹೆಸರು, ಮತ್ತು ವಾಯುಗತಿಕ ವ್ಯಾಸವನ್ನು ನೀರಿನ ಸಾಂದ್ರತೆಯ ಕಣಕ್ಕೆ ಹೋಲಿಸಿ ಹೇಳಲಾಗುತ್ತದೆ. ಧೂಳು ನೀರಿಗಿಂತ ಎರಡೂವರೆ ಪಟ್ಟು ಭಾರವಾದ್ದರಿಂದ ಆ ಬಾಯಿ ನಿಜವಾಗಿ ತಡೆಯಲಾರಂಭಿಸುವುದು ಸುಮಾರು 6ರಿಂದ 7 ಮೈಕ್ರೋಮೀಟರಿನ ಕಣಗಳನ್ನು. ಮೂಲದ ಸಮೀಪದಲ್ಲಿ ಅಳೆಯುವವರು ಪಿಎಂ10 ಅಂಕಿಯನ್ನೇ ಒಟ್ಟು ಧೂಳು ಎಂದು ಬರೆದರೆ ದೊಡ್ಡ ಪಾಲನ್ನು ಬಿಟ್ಟಂತಾಗುತ್ತದೆ.

ಅಗ್ಗದ ಲೇಸರ್ ಸಂವೇದಕಗಳ ಬಗ್ಗೆ ಹಲವರು ಕೇಳುತ್ತಾರೆ. ಅಂಗೈಯಗಲದ ಆ ಪೆಟ್ಟಿಗೆಯೊಳಗಿನ ಪುಟ್ಟ ಫ್ಯಾನು ದಪ್ಪ ಕಣಗಳನ್ನು ಸರಿಯಾಗಿ ಎಳೆದುಕೊಳ್ಳಲಾರದು. ಅದು ತೋರಿಸುವ ಪಿಎಂ10 ಬಹುಮಟ್ಟಿಗೆ ಸಣ್ಣ ಕಣಗಳ ಎಣಿಕೆಯಿಂದ ಊಹಿಸಿದ ಅಂಕಿ. ಹೊಗೆಗೆ ಅವು ಪರವಾಗಿಲ್ಲ. ಧೂಳಿನ ದಿನ, ಕಣ್ಣೆದುರಿಗೆ ಆಕಾಶ ಹಳದಿಯಾಗಿರುವಾಗಲೂ, ನಿಜವಾದ ಪಿಎಂ10ರ ಸಣ್ಣದೊಂದು ಪಾಲನ್ನಷ್ಟೇ ತೋರಿಸಬಲ್ಲವು. ಗಂಟೆಗಂಟೆಯ ಅಂಕಿ ಬೇಕೇಬೇಕೆಂದಾದರೆ ಬೀಟಾ ಕಿರಣದ ಕ್ಷೀಣತೆಯನ್ನು ಅಳೆಯುವ ಮಾಪಕವನ್ನು ಬಳಸುವುದು ಮೇಲು.

ಸೌರ ಫೋಟೋಮೀಟರ್: ಇಡೀ ಸ್ತಂಭದ ಲೆಕ್ಕ

ಸೂರ್ಯನ ಬೆಳಕು ವಾಯುಮಂಡಲದ ಮೂಲಕ ಬರುವಾಗ ಕಣಗಳಿಂದ ಎಷ್ಟು ಕುಂದುತ್ತದೆ ಎಂಬುದನ್ನು ಆಪ್ಟಿಕಲ್ ಡೆಪ್ತ್ ಎಂಬ ಸಂಖ್ಯೆಯಿಂದ ಹೇಳುತ್ತಾರೆ. ಉಪಕರಣವನ್ನು ಸೂರ್ಯನಿಗೆ ಗುರಿಯಿಟ್ಟಾಗ ಸಿಗುವ ವೋಲ್ಟೇಜು, ವಾಯುಮಂಡಲವೇ ಇಲ್ಲದಿದ್ದರೆ ಸಿಗುತ್ತಿದ್ದ ವೋಲ್ಟೇಜು, ಮತ್ತು ಬೆಳಕು ಹಾದುಬಂದ ಗಾಳಿಯ ದಾರಿ, ಈ ಮೂರು ತಿಳಿದರೆ ಅದು ಸಿಗುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ಗಾಳಿಯ ದಾರಿ 1; ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿದ್ದಾಗ 2.

ವಾಯುಮಂಡಲವಿಲ್ಲದಾಗಿನ ವೋಲ್ಟೇಜನ್ನು ಕಂಡುಹಿಡಿಯುವುದಕ್ಕೆ ಲ್ಯಾಂಗ್ಲಿ ವಿಧಾನವಿದೆ. ಒಂದೇ ಬೆಳಿಗ್ಗೆ ಸೂರ್ಯ ಏರುತ್ತ ಹೋದಂತೆ, ಗಾಳಿಯ ದಾರಿ 5ರಿಂದ 2ಕ್ಕೆ ಇಳಿಯುವವರೆಗೆ ಪದೇಪದೇ ವೋಲ್ಟೇಜನ್ನು ಓದಿ, ಅದರ ಲಾಗರಿದಮ್ಮನ್ನು ದಾರಿಯ ಎದುರು ಗುರುತು ಮಾಡಿದರೆ ಒಂದು ಸರಳರೇಖೆ ಬರಬೇಕು. ಆ ರೇಖೆಯನ್ನು ದಾರಿ ಸೊನ್ನೆಯಾಗುವವರೆಗೆ ಹಿಂದಕ್ಕೆ ಎಳೆದಾಗ ತಾಗುವ ಬಿಂದುವೇ ಬೇಕಾದ ಮೌಲ್ಯ. ಬೆಳಗಿನ ಅಷ್ಟು ಹೊತ್ತೂ ಆಕಾಶ ಬದಲಾಗದೆ ಇರಬೇಕೆಂಬುದೇ ಇದರ ಕಷ್ಟ. ಆದ್ದರಿಂದಲೇ ಜಗತ್ತಿನ ಹಲವೆಡೆ ಸೌರ ಫೋಟೋಮೀಟರುಗಳನ್ನು ನಡೆಸುವ ನಾಸಾದ ಏರೋನೆಟ್ ಜಾಲವು ತನ್ನ ಮಾನಕ ಉಪಕರಣಗಳನ್ನು ಹವಾಯಿಯ ಮೌನಾ ಲೋವಾದಲ್ಲಿಯೂ, ಟೆನೆರಿಫೆ ದ್ವೀಪದಲ್ಲಿ ಸುಮಾರು 2,370 ಮೀಟರ್ ಎತ್ತರದಲ್ಲಿರುವ ಇಜಾನ್ಯಾ ವೀಕ್ಷಣಾಲಯದಲ್ಲಿಯೂ ಹೀಗೆ ಅಳೆದುಕೊಳ್ಳುತ್ತದೆ. ಊರಿನ ನಡುವಿನ ಮಹಡಿಯ ಮೇಲೆ ಲ್ಯಾಂಗ್ಲಿ ಮಾಡಿದರೆ ಸಿಗುವ ರೇಖೆ ಎಷ್ಟೇ ನೇರವಾಗಿ ಕಂಡರೂ ನಂಬಬೇಡಿ. ಬೆಳಿಗ್ಗೆ ನಿಧಾನವಾಗಿ ಹೆಚ್ಚುವ ಮಬ್ಬು ರೇಖೆಯನ್ನು ಬಾಗಿಸುವ ಬದಲು ಅದರ ಇಳಿಜಾರನ್ನೇ ಬದಲಿಸಿಬಿಡಬಲ್ಲದು. ಆ ವೋಲ್ಟೇಜಿನಲ್ಲಿ ಶೇಕಡಾ 1ರಷ್ಟು ತಪ್ಪಿದ್ದರೆ, ನಡುಹಗಲಿನಲ್ಲಿ ಆಪ್ಟಿಕಲ್ ಡೆಪ್ತಿನಲ್ಲಿ 0.01ರಷ್ಟು ತಪ್ಪು ಬರುತ್ತದೆ.

ಇಷ್ಟಾದ ಮೇಲೂ ಸಿಕ್ಕಿದ್ದು ಇಡೀ ವಾಯುಮಂಡಲದ ಮೌಲ್ಯ. ಇದರಿಂದ ಮೊದಲು ಗಾಳಿಯ ಅಣುಗಳ ಚದುರುವಿಕೆಯನ್ನು ಕಳೆಯಬೇಕು. ಸಮುದ್ರಮಟ್ಟದಲ್ಲಿ ಅದು 440 ನ್ಯಾನೋಮೀಟರಿನಲ್ಲಿ ಸುಮಾರು 0.24, 870ರಲ್ಲಿ ಸುಮಾರು 0.015, ಎತ್ತರದ ಊರಿನಲ್ಲಿ ವಾಯುಭಾರಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ನಂತರ ಓಝೋನ್ ಮತ್ತು ನೈಟ್ರೋಜನ್ ಡೈಆಕ್ಸೈಡಿನ ಹೀರಿಕೆಯನ್ನು ಕಳೆಯಬೇಕು. ಉಳಿದದ್ದು ಕಣಗಳ ಪಾಲು.

ಆ ಕಣಗಳು ಧೂಳೋ ಹೊಗೆಯೋ ಎಂಬ ಮೊದಲ ಸುಳಿವು ಎರಡು ತರಂಗಾಂತರಗಳ ಹೋಲಿಕೆಯಿಂದ ಸಿಗುತ್ತದೆ. ಹೊಗೆಯ ಸಣ್ಣ ಕಣಗಳು ನೀಲಿ ಬೆಳಕನ್ನು ಹೆಚ್ಚಾಗಿಯೂ ಅವಕೆಂಪಿನ ಕಡೆಯ ಬೆಳಕನ್ನು ಕಡಿಮೆಯಾಗಿಯೂ ತಡೆಯುತ್ತವೆ. ಧೂಳಿನ ದಪ್ಪ ಕಣಗಳಿಗೆ ಎರಡೂ ಬಹುತೇಕ ಒಂದೇ. ಎರಡು ಮೌಲ್ಯಗಳ ಅನುಪಾತದ ಲಾಗರಿದಮ್ಮನ್ನು ತರಂಗಾಂತರಗಳ ಅನುಪಾತದ ಲಾಗರಿದಮ್ಮಿನಿಂದ ಭಾಗಿಸಿದರೆ ಸಿಗುವುದು ಆಂಗ್‌ಸ್ಟ್ರಾಮ್ ಘಾತಾಂಕ. 440ರಲ್ಲಿ 0.80, 870ರಲ್ಲಿ 0.70 ಬಂದರೆ ಘಾತಾಂಕ ಸುಮಾರು 0.2, ಇದು ಧೂಳಿನ ಲಕ್ಷಣ. 440ರಲ್ಲಿ ಅದೇ 0.80 ಇದ್ದು 870ರಲ್ಲಿ 0.30ಕ್ಕೆ ಇಳಿದರೆ ಘಾತಾಂಕ ಸುಮಾರು 1.4, ಅದು ಹೊಗೆ ಅಥವಾ ನಗರದ ಮಾಲಿನ್ಯ. ನೀಲಿಯಲ್ಲಿ ಮಾತ್ರ ಅಳೆದವರಿಗೆ ಈ ಎರಡು ದಿನಗಳ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ.

ಆದರೆ ಘಾತಾಂಕ ಕಡಿಮೆಯಿದ್ದ ಮಾತ್ರಕ್ಕೆ ಧೂಳೆಂದು ಬರೆಯಬಾರದು. ಕಡಲುಪ್ಪಿನ ಕಣಗಳೂ ದಪ್ಪವೇ. ಕಣ್ಣಿಗೆ ಕಾಣದಷ್ಟು ತೆಳುವಾದ ಸಿರಸ್ ಮೋಡದ ಮಂಜುಹರಳುಗಳಂತೂ ಇನ್ನೂ ದಪ್ಪ; ಘಾತಾಂಕ ಸೊನ್ನೆಯ ಹತ್ತಿರ ಬರುವುದು ಅವುಗಳಿಂದಲೇ ಹೆಚ್ಚು. ಶುದ್ಧ ಸಾಗರದ ಮೇಲೆ ಉಪ್ಪಿನ ಪಾಲು ಸಾಮಾನ್ಯವಾಗಿ 0.1ನ್ನು ಮೀರುವುದಿಲ್ಲವಾದ್ದರಿಂದ, ಘಾತಾಂಕ ಕಡಿಮೆಯಿದ್ದು ಆಪ್ಟಿಕಲ್ ಡೆಪ್ತ್ ಅದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದಾಗ ಮಾತ್ರ ಧೂಳಿನ ಮಾತೆತ್ತಬೇಕು. ಮೋಡವನ್ನು ಹಿಡಿಯಲು ಒಂದು ನಿಮಿಷದೊಳಗೆ ಮೂರು ಬಾರಿ ಓದುವುದು ರೂಢಿ. ಧೂಳು ಅಷ್ಟು ಬೇಗ ಬದಲಾಗುವುದಿಲ್ಲ, ಮೋಡ ಬದಲಾಗುತ್ತದೆ. ಏರೋನೆಟ್ಟಿನ ದತ್ತಾಂಶವನ್ನು ಇಳಿಸಿಕೊಳ್ಳುವವರು 1.0 ಹಂತದ್ದನ್ನು ಬಿಟ್ಟು, ಮೋಡ ತೆಗೆದ 1.5 ಅಥವಾ ಗುಣಮಟ್ಟದ ಪರಿಶೀಲನೆ ಮುಗಿದ 2.0 ಹಂತದ್ದನ್ನೇ ಬಳಸಬೇಕು. ಭಾರತದಲ್ಲಿ ಕಾನ್ಪುರ, ಜೈಪುರ, ಪುಣೆ ಮುಂತಾದೆಡೆ ಈ ಜಾಲದ ಉಪಕರಣಗಳಿದ್ದು, ಅವುಗಳ ದತ್ತಾಂಶ ಯಾರಿಗಾದರೂ ಉಚಿತ.

ಸ್ವಂತವಾಗಿ ಕಲಿಯಬೇಕೆನ್ನುವವರಿಗೆ ಮೈಕ್ರೋಟಾಪ್ಸ್ ಎಂಬ, ಕೈಯಲ್ಲಿ ಹಿಡಿಯುವ ಸೌರ ಫೋಟೋಮೀಟರ್ ಇದೆ. ಶಾಲೆಗಳಿಗೆ ಇನ್ನೂ ಅಗ್ಗದ ದಾರಿಯೆಂದರೆ ಎಲ್‌ಇಡಿಯನ್ನೇ ಬೆಳಕಿನ ಸಂವೇದಕವನ್ನಾಗಿ ಬಳಸುವ ಫೋಟೋಮೀಟರ್. ಅಮೆರಿಕದ ಟೆಕ್ಸಸ್‌ನಲ್ಲಿ ಫಾರೆಸ್ಟ್ ಮಿಮ್ಸ್ ಎಂಬ ಹವ್ಯಾಸಿ ವಿಜ್ಞಾನಿ ಅಂತಹವುಗಳಿಂದ 1990ರಿಂದ ದಾಖಲೆ ಇಟ್ಟುಕೊಂಡು ಬಂದಿದ್ದಾರೆ. ಯಾವ ಉಪಕರಣವಾದರೂ ಸರಿ, ಗುರಿಯಿಡುವಾಗ ಸೂರ್ಯನನ್ನು ನೇರವಾಗಿ ನೋಡದೆ ಗುರಿಕಿಂಡಿಯ ಬೆಳಕಿನ ಚುಕ್ಕೆಯನ್ನೇ ನೋಡಬೇಕು.

ಎತ್ತರವನ್ನು ತಿಳಿಯಲು ಲೈಡಾರ್

ಲೈಡಾರ್ ಲೇಸರ್ ಬೆಳಕಿನ ಮಿಡಿತವನ್ನು ಮೇಲಕ್ಕೆ ಕಳಿಸಿ, ಅದು ಮರಳುವ ಸಮಯದಿಂದ ಎತ್ತರವನ್ನು ಲೆಕ್ಕ ಹಾಕುತ್ತದೆ. ಧೂಳನ್ನು ಉಳಿದವುಗಳಿಂದ ಬೇರ್ಪಡಿಸಲು ಇದರಷ್ಟು ಸೊಗಸಾದ ದಾರಿ ಬೇರೆ ಇಲ್ಲವೆಂದು ನನಗೆ ಅನಿಸುತ್ತದೆ. ಕಳಿಸುವ ಬೆಳಕು ಒಂದೇ ತಲದಲ್ಲಿ ಕಂಪಿಸುತ್ತಿರುತ್ತದೆ. ಉಪ್ಪುನೀರಿನ ಹನಿ, ತೇವಗೊಂಡ ಸಲ್ಫೇಟ್, ಇವು ಗುಂಡಗಿರುವುದರಿಂದ ಮರಳಿಬಂದ ಬೆಳಕಿನ ತಲ ಬದಲಾಗುವುದಿಲ್ಲ; ಧೂಳಿನ ಕಣ ಒಡೆದ ಕಲ್ಲಿನ ಚೂರಾದ್ದರಿಂದ ಅಡ್ಡತಲದ ಬೆಳಕೂ ಮರಳುತ್ತದೆ. ಅಡ್ಡತಲ ಮತ್ತು ಮೂಲತಲದ ಅನುಪಾತ 532 ನ್ಯಾನೋಮೀಟರಿನಲ್ಲಿ ಶುದ್ಧ ಧೂಳಿಗೆ ಸುಮಾರು 0.31, ಧೂಳಲ್ಲದ ಕಣಗಳಿಗೆ 0.05ರ ಆಸುಪಾಸು.

ಮಿಶ್ರಣದಲ್ಲಿ ಧೂಳಿನ ಪಾಲನ್ನು ಹೀಗೆ ಪಡೆಯಬಹುದು. ಅಳೆದ ಅನುಪಾತ 0.20 ಎಂದಿಟ್ಟುಕೊಳ್ಳಿ. ಅದರಿಂದ 0.05ನ್ನು ಕಳೆದು 1.31ರಿಂದ ಗುಣಿಸಿ; ಬಂದದ್ದನ್ನು, 0.31ರಿಂದ 0.05 ಕಳೆದ 0.26 ಮತ್ತು 1.20 ಇವುಗಳ ಗುಣಲಬ್ಧದಿಂದ ಭಾಗಿಸಿ. ಉತ್ತರ 0.63: ಮರಳಿಬಂದ ಬೆಳಕಿನಲ್ಲಿ ಶೇಕಡಾ 63 ಧೂಳಿನದು. ಆ ಪಾಲನ್ನು ಸಹಾರಾದ ಧೂಳಿಗೆ ಹೊಂದುವ 50ರಿಂದ 55 ಸ್ಟೆರೇಡಿಯನ್ನಿನ ಲೈಡಾರ್ ಅನುಪಾತದಿಂದ (ಕುಂದುವ ಬೆಳಕಿಗೂ ಮರಳುವ ಬೆಳಕಿಗೂ ಇರುವ ಅನುಪಾತ) ಗುಣಿಸಿದರೆ ಬೆಳಕನ್ನು ಕುಂದಿಸುವ ಶಕ್ತಿ ಸಿಗುತ್ತದೆ. ಒಂದು ಗ್ರಾಂ ಧೂಳು ಸುಮಾರು 0.6 ಚದರ ಮೀಟರಿನಷ್ಟು ಬೆಳಕನ್ನು ತಡೆಯುತ್ತದೆ ಎಂದು ಹಿಡಿದರೆ, ದಶಲಕ್ಷ ಮೀಟರಿಗೆ 200ರಷ್ಟು ಕುಂದಿಸುವ ಧೂಳು ಘನಮೀಟರಿಗೆ ಸುಮಾರು 330 ಮೈಕ್ರೋಗ್ರಾಂ ಆಗುತ್ತದೆ. ಈ 0.6 ಕಣಗಳ ಗಾತ್ರಕ್ಕೆ ತಕ್ಕಂತೆ ಬದಲಾಗುವ ಸಂಖ್ಯೆ. ದಪ್ಪ ಕಣಗಳು ಹೆಚ್ಚಿರುವ ಮೂಲದ ಬಳಿ ಅದು ಇನ್ನೂ ಕಡಿಮೆ. ಲೈಡಾರಿನಿಂದ ಬಂದ ತೂಕವನ್ನು ದಶಮಾಂಶದವರೆಗೆ ಬರೆದಿರುವ ವರದಿಗಳನ್ನು ಕಂಡಾಗ ಸ್ವಲ್ಪ ಅನುಮಾನದಿಂದಲೇ ಓದಬೇಕು.

ಕ್ಯಾಲಿಪ್ಸೊ ಉಪಗ್ರಹ 2006ರಿಂದ 2023ರವರೆಗೆ ಇದೇ ತತ್ವದಿಂದ ಇಡೀ ಭೂಗೋಳದ ಧೂಳಿನ ಪದರಗಳನ್ನು ಅಳೆಯಿತು. 2024ರ ಮೇ ತಿಂಗಳಿನಲ್ಲಿ ಉಡಾವಣೆಗೊಂಡ ಅರ್ಥ್‌ಕೇರ್ ಈಗ 355 ನ್ಯಾನೋಮೀಟರಿನಲ್ಲಿ ಆ ಕೆಲಸವನ್ನು ಮುಂದುವರಿಸಿದೆ. ತರಂಗಾಂತರ ಬೇರೆಯಾದ್ದರಿಂದ 532ರ ಮೌಲ್ಯಗಳನ್ನು ಅದಕ್ಕೆ ಹಾಗೆಯೇ ಹಚ್ಚುವಂತಿಲ್ಲ.

ಉಪಗ್ರಹದ ಚಿತ್ರದಲ್ಲಿ ದಾರಿಯನ್ನು ಹಿಡಿಯುವುದು

ಧೂಳು ಎಲ್ಲಿ ಎದ್ದು ಎತ್ತ ಹೊರಟಿತು ಎಂಬುದಕ್ಕೆ ಯುರೋಪಿನ ಎರಡನೆಯ ಪೀಳಿಗೆಯ ಹವಾಮಾನ ಉಪಗ್ರಹ ಮೀಟಿಯೋಸ್ಯಾಟ್‌ನ ಧೂಳಿನ ಬಣ್ಣಚಿತ್ರ ತುಂಬ ಉಪಯುಕ್ತ. ಹದಿನೈದು ನಿಮಿಷಕ್ಕೊಮ್ಮೆ, ಹಗಲಿರುಳೂ ಸಿಗುವ ಈ ಚಿತ್ರದಲ್ಲಿ 8.7, 10.8 ಮತ್ತು 12.0 ಮೈಕ್ರೋಮೀಟರಿನ ಅವಕೆಂಪು ವಾಹಿನಿಗಳ ವ್ಯತ್ಯಾಸಗಳಿಗೆ ಬಣ್ಣ ಕೊಟ್ಟಿರುತ್ತಾರೆ, ಸಿಲಿಕೇಟು 10.8ರ ಬಳಿ 12.0ಕ್ಕಿಂತ ಹೆಚ್ಚು ಹೀರುವುದರಿಂದ ಧೂಳು ಗಾಢ ಗುಲಾಬಿಯಾಗಿ ಕಾಣುತ್ತದೆ. ಇದು ನೋಡುವುದಕ್ಕೆ, ಅಳೆಯುವುದಕ್ಕಲ್ಲ. ಧೂಳು ನೆಲಕ್ಕೆ ಅಂಟಿಕೊಂಡಿದ್ದರೆ ಅದಕ್ಕೂ ನೆಲಕ್ಕೂ ಉಷ್ಣತೆಯ ಅಂತರವಿಲ್ಲದೆ ಗುಲಾಬಿ ಮಸುಕಾಗುತ್ತದೆ, ಗಾಳಿಯಲ್ಲಿ ತೇವ ಹೆಚ್ಚಿದ್ದರೂ ಹಾಗೆಯೇ. ಅಂಕಿ ಬೇಕಾದರೆ ಟೆರಾ ಮತ್ತು ಅಕ್ವಾ ಉಪಗ್ರಹಗಳ ಮೋಡಿಸ್ ಉಪಕರಣದಿಂದ ಡೀಪ್ ಬ್ಲೂ ಎಂಬ ವಿಧಾನದಲ್ಲಿ ಲೆಕ್ಕ ಹಾಕಿದ ಆಪ್ಟಿಕಲ್ ಡೆಪ್ತನ್ನು ನೋಡಬೇಕು. ಹೊಳೆಯುವ ಮರಳುಗಾಡು ನೀಲಿ ಬೆಳಕಿನಲ್ಲಿ ಮಾತ್ರ ಕಪ್ಪಗೆ ಕಾಣುವುದರಿಂದ ಅದರ ಮೇಲಿನ ಧೂಳು ಆ ವಾಹಿನಿಯಲ್ಲಿ ಎದ್ದು ತೋರುತ್ತದೆ. ಇದಕ್ಕೆ ಅಮೆರಿಕದ ಹವಾಮಾನ ಸಂಸ್ಥೆಯಾದ ನೋವಾದ ಹೈಸ್ಪ್ಲಿಟ್ ಎಂಬ ಗಣಕ ಮಾದರಿಯಿಂದ ಐದು ದಿನಗಳ ಹಿಂದಿನ ಗಾಳಿಯ ಪಥವನ್ನು ಸೇರಿಸಿದರೆ ಮೂಲದ ಪ್ರಶ್ನೆಗೆ ಸಾಕಷ್ಟು ಉತ್ತರ ಸಿಗುತ್ತದೆ.

ನಗರದ ಅಂಕಿಯಿಂದ ಧೂಳನ್ನು ಕಳೆಯುವುದು

ಆಡಳಿತಗಳಿಗೆ ಬೇಕಾದದ್ದು ತಿರುಗುಮುರುಗಾದ ಲೆಕ್ಕ. 2020ರ ಫೆಬ್ರವರಿ 22ರಿಂದ 24ರವರೆಗೆ ಸಹಾರಾದ ಧೂಳು ಕೆನರಿ ದ್ವೀಪಗಳನ್ನು ಮುಚ್ಚಿದಾಗ ವಿಮಾನ ನಿಲ್ದಾಣಗಳನ್ನೇ ಮುಚ್ಚಬೇಕಾಯಿತು. ಅಲ್ಲಿಯ ಜನ ಈ ಧೂಳನ್ನು ಕಲಿಮಾ ಎನ್ನುತ್ತಾರೆ. ಇಂತಹ ದಿನದ ಪಿಎಂ10 ಮಿತಿ ಮೀರಿತೆಂದು ಊರಿನ ವಾಹನಗಳನ್ನು ದೂರುವುದು ನ್ಯಾಯವಲ್ಲವಾದ್ದರಿಂದ, ಸ್ಪೇನಿನಲ್ಲಿ ರೂಪುಗೊಂಡ ಒಂದು ವಿಧಾನವನ್ನು ಯುರೋಪಿನ ಒಕ್ಕೂಟ ಒಪ್ಪಿಕೊಂಡಿದೆ. ಊರಿನಿಂದ ದೂರದ ಗ್ರಾಮೀಣ ಕೇಂದ್ರದಲ್ಲಿ, ಧೂಳಿನ ದಿನಗಳನ್ನು ಬಿಟ್ಟು, ಆ ದಿನದ ಸುತ್ತಲಿನ ಮೂವತ್ತು ದಿನಗಳ ಪಿಎಂ10ರ 40ನೆಯ ಶತಾಂಶವನ್ನು (ಶೇಕಡಾ 40ರಷ್ಟು ದಿನಗಳ ಅಂಕಿ ಯಾವ ಮಟ್ಟಕ್ಕಿಂತ ಕೆಳಗಿರುತ್ತದೋ ಅದನ್ನು) ಅಲ್ಲಿನ ಸಹಜ ಮಟ್ಟವೆಂದು ಹಿಡಿಯುತ್ತಾರೆ. ಅದು ಘನಮೀಟರಿಗೆ 17 ಮೈಕ್ರೋಗ್ರಾಂ ಆಗಿದ್ದು, ಧೂಳಿನ ದಿನ ಅದೇ ಕೇಂದ್ರದಲ್ಲಿ 62 ಬಂದರೆ ಧೂಳಿನ ಪಾಲು 45. ನಗರದಲ್ಲಿ ಅಂದು 88 ಇದ್ದರೆ, 45ನ್ನು ಕಳೆದು ಉಳಿದ 43ನ್ನು ದಿನದ ಮಿತಿಯಾದ 50ಕ್ಕೆ ಹೋಲಿಸುತ್ತಾರೆ. ಆ ದಿನ ಆಫ್ರಿಕದ ಧೂಳು ಬಂದದ್ದು ನಿಜವೆಂದು ಉಪಗ್ರಹ, ಮಾದರಿ ಮತ್ತು ಗಾಳಿಯ ಪಥಗಳಿಂದ ಮೊದಲೇ ಸಿದ್ಧಪಡಿಸಿರಬೇಕು. ಇಲ್ಲವಾದರೆ ಈ ವಿಧಾನ ಮಾಲಿನ್ಯವನ್ನು ಮರೆಮಾಡುವ ಸುಲಭ ಸಾಧನವಾದೀತು.

ಕರ್ನಾಟಕದ ಕರಾವಳಿಯಲ್ಲಿ ಈ ಕೆಲಸಕ್ಕೆ ಕೈಹಾಕುವವರು ಎರಡು ವಿಷಯಗಳಲ್ಲಿ ಲೆಕ್ಕ ಬದಲಿಸಿಕೊಳ್ಳಬೇಕಾಗುತ್ತದೆ. ಅರೇಬಿಯಾದ ಧೂಳು ಅರಬ್ಬಿ ಸಮುದ್ರದ ಮೇಲೆ ಅತಿ ಹೆಚ್ಚಾಗುವುದು ಜೂನ್, ಜುಲೈನಲ್ಲಿ. ಅಷ್ಟರಲ್ಲಿ ನಮ್ಮಲ್ಲಿ ಮುಂಗಾರಿನ ಮೋಡ ಕವಿದು ಸೌರ ಫೋಟೋಮೀಟರಿಗೆ ಬಿಸಿಲೇ ಸಿಗದು, ಮಳೆ ಗಾಳಿಯನ್ನು ತೊಳೆದುಬಿಟ್ಟಿರುತ್ತದೆ. ಆದ್ದರಿಂದ ಮಾರ್ಚಿನಿಂದ ಮೇ ತಿಂಗಳವರೆಗಿನ ಅವಧಿಯನ್ನು ನೆಚ್ಚಿಕೊಳ್ಳುವುದು ವಿವೇಕ. 2022ರ ಜನವರಿ 23ರಂದು ಮುಂಬಯಿಯನ್ನು ಮುಸುಕಿದಂತಹ ಅಕಾಲಿಕ ಧೂಳೂ ಅಪರೂಪಕ್ಕೆ ಬರುವುದುಂಟು. ಎರಡನೆಯದು ಹೆಚ್ಚು ಸೂಕ್ಷ್ಮ: ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿಯೂ ಅಲ್ಯೂಮಿನಿಯಮ್ ಹೇರಳವಾಗಿರುವುದರಿಂದ, 0.08ರ ಭಾಗಾಕಾರ ರಸ್ತೆಯ ಕೆಂಧೂಳನ್ನೂ ಅರೇಬಿಯಾದ ಧೂಳೆಂದೇ ಎಣಿಸಿಬಿಡುತ್ತದೆ. ಜಂಬಿಟ್ಟಿಗೆಯಲ್ಲಿ ಸುಣ್ಣದಂಶ ತೊಳೆದುಹೋಗಿ ತೀರ ಕಡಿಮೆ. ಅರೇಬಿಯಾದ ಧೂಳಿನಲ್ಲಿ ಕಾರ್ಬೊನೇಟು ಸಮೃದ್ಧ. ಕ್ಯಾಲ್ಸಿಯಮ್ ಮತ್ತು ಅಲ್ಯೂಮಿನಿಯಮ್‌ಗಳ ಅನುಪಾತವನ್ನು ಸ್ಥಳೀಯ ಮಣ್ಣಿನ ಮಾದರಿಯೊಡನೆ ಹೋಲಿಸಿದರೆ ಎರಡನ್ನೂ ಬಿಡಿಸಬಹುದು, ಸುತ್ತಮುತ್ತ ಸಿಮೆಂಟಿನ ಕೆಲಸ ನಡೆಯದೆ ಇದ್ದರೆ. ಸಿಮೆಂಟೂ ಕ್ಯಾಲ್ಸಿಯಮ್ಮಿನ ಗಣಿಯೇ.

ಕೊನೆಯದಾಗಿ ಅಂಕಿಯನ್ನು ಬರೆಯುವ ರೀತಿ. ಧೂಳಿನ ಪ್ರಮಾಣವನ್ನು ಕೊಡುವಾಗ ಅದರ ಪಕ್ಕದಲ್ಲಿಯೇ ಸಂಗ್ರಾಹಕದ ಬಾಯಿಯ ಗಾತ್ರಮಿತಿ, ಸರಾಸರಿಯ ಅವಧಿ, ಗಾಳಿಯ ಪರಿಮಾಣ ಸ್ಥಳೀಯ ಉಷ್ಣತೆ ಮತ್ತು ಒತ್ತಡದ್ದೋ ಮಾನಕ ಸ್ಥಿತಿಯದ್ದೋ ಎಂಬುದು, ಖಾಲಿ ಫಿಲ್ಟರಿನ ಮೌಲ್ಯ, ಬೂದಿಯಿಂದ ಪಡೆದದ್ದಾದರೆ 1.3 ಸೇರಿದೆಯೇ ಇಲ್ಲವೇ, ಬೆಳಕಿನಿಂದ ಪಡೆದದ್ದಾದರೆ ಯಾವ ತರಂಗಾಂತರ ಮತ್ತು ಯಾವ ಪರಿವರ್ತನಾಂಕ ಎಂಬುದನ್ನು ನಮೂದಿಸಬೇಕು. ಫಿಲ್ಟರಿನ ಉಳಿದ ಮುಕ್ಕಾಲು ಭಾಗವನ್ನು ಸ್ವಚ್ಛವಾದ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ, ದಿನಾಂಕ ಮತ್ತು ಗಾಳಿಯ ಪರಿಮಾಣವನ್ನು ಪೆನ್ಸಿಲಿನಿಂದ ಚೀಟಿಯ ಮೇಲೆ ಬರೆದು ಅದರೊಡನೆ ಇಟ್ಟು, ತಂಪಾದ ಕತ್ತಲೆಯ ಜಾಗದಲ್ಲಿ ಜೋಪಾನ ಮಾಡಬೇಕು.